ಅನುಭವ ಪತ್ರದಲ್ಲಿ ಹಾಸಿಗೆಗಳ ಲೆಕ್ಕ ಇದೆಯೇ?

ಖಾಸಗಿ ಆಸ್ಪತ್ರೆಯಲ್ಲಿ ವರ್ಷ ಕಳೆದಂತೆಲ್ಲ ನರ್ಸ್‌ಗಳ ಸಂಬಳ ತಾನಾಗಿ ಏರುವುದಿಲ್ಲ. ಹತ್ತು ವರ್ಷ ಜನರಲ್ ವಾರ್ಡಿನಲ್ಲಿ ದುಡಿದ ಸಿಸ್ಟರ್‌ಗೂ ಮೊನ್ನೆ ಸೇರಿದ ಹುಡುಗಿಗೂ ಕೆಲವೇ ಸಾವಿರದ ವ್ಯತ್ಯಾಸ ಇರುವ ಆಸ್ಪತ್ರೆಗಳು ಬೇಕಾದಷ್ಟಿವೆ. ಓದು, ವಿಭಾಗ, ಹುದ್ದೆ, ಇವುಗಳಲ್ಲಿ ಒಂದಾದರೂ ಬದಲಾದಾಗಲೇ ಈ ಕಸುಬಿನಲ್ಲಿ ಕೈಗೆ ಬರುವ ದುಡ್ಡೂ ಬದಲಾಗುತ್ತದೆ.

ಹಣಕಾಸಿನ ಬಗ್ಗೆ ಬರೆಯಲು ಕೂರುವ ಮೊದಲು ಈ ಅಂಕಣಕಾರ್ತಿ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿಸಿ ಬೆಂಗಳೂರಿನ ಐಸಿಯು ಒಂದರಲ್ಲಿ ನೈಟ್ ಡ್ಯೂಟಿ ಮಾಡಿದವಳು. ಕೆಲಸಕ್ಕೆ ಸೇರಿದ ದಿನವೇ ಆ ಆಸ್ಪತ್ರೆ ಮಾರ್ಕ್ಸ್ ಕಾರ್ಡುಗಳ ಒರಿಜಿನಲ್ ಇಟ್ಟುಕೊಂಡು ಬಾಂಡಿಗೆ ಸಹಿ ಹಾಕಿಸಿಕೊಂಡಿತ್ತು. ಮುಂದೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂತು. ಬೆಳಗಿನ ಹ್ಯಾಂಡೋವರ್ ಮುಗಿಸಿ, ಊದಿದ ಕಾಲಲ್ಲೇ ಎಚ್‌ಆರ್ ಕೌಂಟರಿನ ಮುಂದೆ ನಿಂತು ಕೇಳಿದರೂ ಕಾಗದ ಸಿಗಲಿಲ್ಲ. ಆ ಹುದ್ದೆ ಬೇರೆಯವರ ಪಾಲಾಯಿತು. ಹೊಸಬರು ಯಾರೇ ಸಿಕ್ಕರೂ ಅವಳು ಮೊದಲು ಹೇಳುವುದು ಇದನ್ನೇ: ಒರಿಜಿನಲ್ ತೋರಿಸಿ, ಝೆರಾಕ್ಸ್ ಕೊಡಿ, ಒರಿಜಿನಲ್ ಮಾತ್ರ ಬಿಟ್ಟು ಬರಬೇಡಿ.

ಕಾಗದಕ್ಕೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ನಾರ್ಸೆಟ್ ಒಳ್ಳೆಯ ಉದಾಹರಣೆ. ಏಮ್ಸ್ ನಡೆಸುವ ಈ ಪರೀಕ್ಷೆಯಲ್ಲಿ ಗೆದ್ದ ನರ್ಸಿಂಗ್ ಆಫೀಸರ್‌ಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ ₹44,900ರಿಂದ ಶುರು. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ನರ್ಸಿಂಗ್ ಭತ್ಯೆ ಅದರ ಮೇಲೆ. ಬಿಎಸ್ಸಿ ಆದವರು ನೇರವಾಗಿ ಅರ್ಜಿ ಹಾಕಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಅನುಭವ ಪತ್ರದಲ್ಲಿ ಹಾಸಿಗೆಗಳ ಸಂಖ್ಯೆಯೇ ಇಲ್ಲದಿದ್ದರೆ ದುಡಿದ ಎರಡು ವರ್ಷವನ್ನು ಸಾಬೀತು ಮಾಡುವುದೇ ಕಷ್ಟ. ಮೀಸಲಾತಿಯ ಸಡಿಲಿಕೆ ಇಲ್ಲದವರಿಗೆ ವಯೋಮಿತಿ 30. ಹಾಗಾಗಿ ಇಪ್ಪತ್ತೆರಡರಲ್ಲಿ ಓದು ಮುಗಿಸಿದವಳು ಮೊದಲ ಐದಾರು ವರ್ಷಗಳನ್ನು ಬಹಳ ಜೋಪಾನವಾಗಿ ಖರ್ಚು ಮಾಡಬೇಕು.

ಇನ್ನು ಮುಂದಿನ ಓದಿನ ಲೆಕ್ಕ. ತಿಂಗಳಿಗೆ ₹22,000 ಪಡೆಯುವ ಜಿಎನ್‌ಎಂ ನರ್ಸ್ ಒಬ್ಬಳು ಕೆಲಸ ಬಿಟ್ಟು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಸೇರಿದಳು ಎಂದುಕೊಳ್ಳಿ. ಎಲ್ಲರೂ ಕೇಳುವುದು ಫೀಸು ಎಷ್ಟು ಎಂದು. ಅದು ಒಂದೂವರೆ ಲಕ್ಷವಿರಲಿ. ಬಾರದೇ ಹೋದ ಸಂಬಳ ₹5,28,000, ಅಂದರೆ ಓದಿನ ನಿಜವಾದ ಖರ್ಚು ₹6,78,000. ಮುಗಿಸಿ ಬಂದ ಮೇಲೆ ಸಂಬಳ ತಿಂಗಳಿಗೆ ₹8,000 ಹೆಚ್ಚಾದರೆ ಆ ದುಡ್ಡು ಹುಟ್ಟಲು ಏಳು ವರ್ಷ ಬೇಕು. ಇಪ್ಪತ್ತೈದರಲ್ಲಿ ಇದು ಒಳ್ಳೆಯ ಹೂಡಿಕೆ. ನಲವತ್ತೆಂಟರಲ್ಲಿ ಎರಡು ಸಲ ಯೋಚಿಸಬೇಕು. ಅಂಕಣಕಾರ್ತಿಯ ಜೊತೆ ಹಾಸ್ಟೆಲಿನಲ್ಲಿದ್ದ ಹಾಸನ ಕಡೆಯ ಗೆಳತಿ ಕೆಲಸ ಬಿಡದೆಯೇ ಇಗ್ನೋ ಮೂಲಕ ಪೋಸ್ಟ್ ಬೇಸಿಕ್ ಮುಗಿಸಿದಳು. ಬಿಪಿ, ಪಲ್ಸ್ ಬರೆದಿಟ್ಟು ವಾರ್ಡ್ ತಣ್ಣಗಾದ ಹೊತ್ತಿನಲ್ಲಿ ಚಾರ್ಟಿನ ಪಕ್ಕದಲ್ಲೇ ನೋಟ್ಸ್ ತೆರೆದುಕೊಳ್ಳುತ್ತಿದ್ದಳು. ಆಮೇಲೆ ಎಂಎಸ್ಸಿಯನ್ನೂ ಮಾಡಿ ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ. ರಾತ್ರಿ ಪಾಳಿ ತಪ್ಪಿದ್ದೂ ಅವಳಿಗೆ ಬಡ್ತಿಯೇ.

ಎಲ್ಲರೂ ಪಾಠ ಹೇಳಲೇಬೇಕು ಎಂದಿಲ್ಲ. ರೋಗಿಯ ಪಕ್ಕದಲ್ಲೇ ಇದ್ದು ಬೆಳೆಯಬೇಕು ಎನ್ನುವವರಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಮಾನ್ಯ ಮಾಡಿದ ಒಂದು ವರ್ಷದ ಡಿಪ್ಲೊಮಾಗಳಿವೆ: ಕ್ರಿಟಿಕಲ್ ಕೇರ್, ಆಂಕಾಲಜಿ, ನವಜಾತ ಶಿಶು ಆರೈಕೆ, ಆಪರೇಷನ್ ಥಿಯೇಟರ್. ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ನರ್ಸಿಂಗ್ ಕಲಿಸುತ್ತಾರೆ. ವರ್ಷಕ್ಕೊಂದು ವಾರ್ಡ್ ತಿರುಗುವುದಕ್ಕಿಂತ ಒಂದೇ ವಿಭಾಗದಲ್ಲಿ ಕೈ ಪಳಗಿಸಿಕೊಂಡವರಿಗೆ ಬೇಡಿಕೆ ಹೆಚ್ಚು ಎನ್ನುವುದು ಈ ಅಂಕಣಕಾರ್ತಿ ಸಹೋದ್ಯೋಗಿಗಳಲ್ಲಿ ಕಣ್ಣಾರೆ ಕಂಡದ್ದು.

ಸಂಬಳದ ಮಾತಿಗೆ ಕೂತಾಗ ಒಂದು ಅಳತೆಗೋಲು ತಿಳಿದಿರಲಿ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿಗತಿ ನೋಡಲು 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ನೇಮಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ₹20,000ಕ್ಕೆ ಇಳಿಯಬಾರದು ಎಂದು ಸಮಿತಿ ಹೇಳಿತು. ಇದು ಶಿಫಾರಸು ಮಾತ್ರ. ಆದರೂ ಅಂಕಿ ಬಾಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ವಿದೇಶದ ಆಸೆ ತಪ್ಪಲ್ಲ. ಬ್ರಿಟನ್ನಿಗೆ ಒಇಟಿ ಅಥವಾ ಐಇಎಲ್‌ಟಿಎಸ್, ಅದರ ಜೊತೆಗೆ ಸಿಬಿಟಿ, ಓಸ್ಕಿ; ಅಮೆರಿಕಕ್ಕೆ ಎನ್‌ಕ್ಲೆಕ್ಸ್; ಜರ್ಮನಿಗೆ ಬಿ2 ಮಟ್ಟದ ಜರ್ಮನ್. ಈ ಪರೀಕ್ಷೆಗಳಿಗೆ ದುಡ್ಡು ಕೂಡಿಡಿ, ದಲ್ಲಾಳಿಗಲ್ಲ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ವಲಸೆ ನಿಯಮಗಳು ಹಾಕಿರುವ ಮಿತಿ ₹30,000 ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಊರಿನ ಜಮೀನು ಅಡವಿಟ್ಟು ಕೊಲ್ಲಿಗೆ ಹೋದವಳು ಮೊದಲ ವರ್ಷಗಳನ್ನೆಲ್ಲ ಬಡ್ಡಿಗೇ ದುಡಿಯುತ್ತಾಳೆ.

ನರ್ಸ್‌ಗಳು ಆಸ್ಪತ್ರೆ ಬದಲಿಸುವಾಗ ಪಿಎಫ್ ಬಿಡಿಸಿ ಖರ್ಚು ಮಾಡುವುದು ತೀರಾ ಸಾಮಾನ್ಯ. ಹಾಗೆ ಬಿಡಿಸುವ ಒಂದು ಲಕ್ಷ, 2024-25ರಲ್ಲಿ ಇದ್ದ ಶೇ 8.25ರ ಬಡ್ಡಿಯೇ ಮುಂದುವರಿದರೆ, ಇಪ್ಪತ್ತು ವರ್ಷದಲ್ಲಿ ಸುಮಾರು ₹4,88,000 ಆಗುತ್ತದೆ. ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ತುಂಬದಿದ್ದರೆ ತಿಂಗಳ ಪಿಂಚಣಿಯ ಹಕ್ಕೂ ಇಲ್ಲ. ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ ಇರಲಿ, ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ.

ಕೆಲಸ ಬಿಡುವ ತಿಂಗಳು ರಿಲೀವಿಂಗ್ ಲೆಟರ್ ಸಿಕ್ಕಿತೆಂದು ಹೊರಟುಬಿಡಬೇಡಿ. ಸೇರಿದ ಮತ್ತು ಬಿಟ್ಟ ದಿನಾಂಕ, ದುಡಿದ ವಿಭಾಗ, ಹುದ್ದೆ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ಇಷ್ಟನ್ನೂ ನಮೂದಿಸಿದ, ಸೀಲು ಬಿದ್ದ ಅನುಭವ ಪತ್ರವನ್ನು ಕೇಳಿ ಪಡೆದುಕೊಂಡೇ ಗೇಟು ದಾಟಿ.