ಪೀಣ್ಯದಿಂದ ಚಂದ್ರನ ನೆಲವನ್ನು ನೋಡುವುದು

ಹೋಗಲಾರದ ಸ್ಥಳವೊಂದನ್ನು ಅಲ್ಲಿಯೇ ನಿಂತವರಂತೆ ನೋಡಲು ಸಾಧ್ಯವೆ? ಇದಕ್ಕೆ ನಿದರ್ಶನವು ನಂದಿನಿ ಲೇಔಟಿನ ನೆರೆಯಲ್ಲಿಯೇ ಇದೆ. ೨೦೨೩ರ ಆಗಸ್ಟ್ ೨೩ರಂದು ಚಂದ್ರನ ಮೇಲಿಳಿದ ಚಂದ್ರಯಾನ-೩ರ 'ಪ್ರಜ್ಞಾನ್' ಬಂಡಿಯನ್ನು ನಡೆಸಿದವರು ಪೀಣ್ಯದ 'ಇಸ್ಟ್ರಾಕ್' ಕೇಂದ್ರದ ವಿಜ್ಞಾನಿಗಳು. ಬಂಡಿಯು ದಾರಿ ನೋಡುವ ಎರಡು ಕ್ಯಾಮೆರಾ ಕಣ್ಣುಗಳನ್ನು ರೂಪಿಸಿದುದೂ ಪೀಣ್ಯದಲ್ಲಿರುವ ಇಸ್ರೋದ 'ಲಿಯೋಸ್' ಪ್ರಯೋಗಾಲಯವೇ.

ಕಣ್ಣುಗಳು ಎರಡೇಕೆ? ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡೋಣ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ಕಾಣುವುದು. ವಸ್ತುವು ಸಮೀಪದಲ್ಲಿದ್ದಷ್ಟೂ ಈ ಸರಿದಾಟ ಹೆಚ್ಚು. ಇದರಿಂದಲೇ ಮಿದುಳು ದೂರವನ್ನು ಊಹಿಸುತ್ತದೆ. ಪ್ರಜ್ಞಾನ್ ತೆಗೆದ ಎಡ ಚಿತ್ರವನ್ನು ಕೆಂಪಿನಲ್ಲಿಯೂ ಬಲ ಚಿತ್ರವನ್ನು ಹಸಿರು-ನೀಲಿಯಲ್ಲಿಯೂ ಕೂಡಿಸಿ ಇಸ್ರೋ ೨೦೨೩ರ ಸೆಪ್ಟೆಂಬರ್ ೫ರಂದು ಪ್ರಕಟಿಸಿತು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು-ನೀಲಿ ಗಾಜುಳ್ಳ ಕನ್ನಡಕ ಧರಿಸಿದರೆ ಒಂದೊಂದು ಕಣ್ಣಿಗೂ ಅದರದರ ಚಿತ್ರವೇ ತಲಪಿ, ಚಂದ್ರನ ನೆಲವು ಆಳವುಳ್ಳದ್ದಾಗಿ ತೋರುವುದು.

ಹಾಗಾದರೆ, ನಮ್ಮ ತಲೆ ತಿರುಗಿದಂತೆಲ್ಲ ಕ್ಯಾಮೆರಾವೂ ತಿರುಗುವ ಕನ್ನಡಕವನ್ನು ಏಕೆ ಧರಿಸಬಾರದು? ಇಲ್ಲಿ ಲೆಕ್ಕ ಅವಶ್ಯಕ. ಚಂದ್ರನ ಸರಾಸರಿ ದೂರ ೩,೮೪,೦೦೦ ಕಿಲೋಮೀಟರು. ಬೆಳಕಿನಂತೆಯೇ ರೇಡಿಯೋ ತರಂಗದ ವೇಗವೂ ಸೆಕೆಂಡಿಗೆ ಸುಮಾರು ೩,೦೦,೦೦೦ ಕಿಲೋಮೀಟರು. ಹೋಗಿ ಬರಲು ೨.೫೬ ಸೆಕೆಂಡು ಬೇಕು. ತಲೆ ತಿರುಗಿಸಿದ ಎರಡೂವರೆ ಸೆಕೆಂಡಿನ ಅನಂತರ ನೋಟ ತಿರುಗಿದರೆ, ಒಳಗಿವಿ ಹೇಳುವುದೊಂದು, ಕಣ್ಣು ಹೇಳುವುದಿನ್ನೊಂದು, ಫಲ ತಲೆಸುತ್ತು.

ಆದುದರಿಂದ ಪೀಣ್ಯದವರು ಬೇರೆ ಮಾರ್ಗ ಹಿಡಿದರು: ಚಿತ್ರ ನೋಡುವುದು, ದಾರಿ ನಿರ್ಧರಿಸುವುದು, ಬಳಿಕ ಆಜ್ಞೆ ಕಳುಹಿಸುವುದು. ಆಗಸ್ಟ್ ೨೭ರಂದು, ೩ ಮೀಟರು ಮುಂದೆ, ೪ ಮೀಟರು ವ್ಯಾಸದ ಕುಳಿಯೊಂದು ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗಲು ಆಜ್ಞೆ ಹೋಯಿತು, ಬಂಡಿ ಉಳಿಯಿತು. ಅದರ ವೇಗ ಸೆಕೆಂಡಿಗೆ ೧ ಸೆಂಟಿಮೀಟರು ಮಾತ್ರ, ೨.೫೬ ಸೆಕೆಂಡಿನಲ್ಲಿ ಅದು ಚಲಿಸುವುದು ಎರಡೂವರೆ ಸೆಂಟಿಮೀಟರು. ಸೈಕಲ್ಲಿನಂತೆ ಸೆಕೆಂಡಿಗೆ ೫ ಮೀಟರು ಓಡಿದ್ದರೆ, ಆಜ್ಞೆ ಮುಟ್ಟುವ ಮೊದಲೇ ಕುಳಿಯಲ್ಲಿರುತ್ತಿತ್ತು.

ಅದೇ ಕನ್ನಡಕದಿಂದ ನಾವು ಹಂಪೆಯನ್ನು ನೋಡಬಯಸಿದರೆ? ನೇರ ದೂರ ಸುಮಾರು ೩೦೦ ಕಿಲೋಮೀಟರು. ತರಂಗವು ಹೋಗಿ ಬರಲು ಸೆಕೆಂಡಿನ ಐನೂರರಲ್ಲಿ ಒಂದು ಭಾಗ ಸಾಕು. ಉಳಿದ ವಿಳಂಬವೆಲ್ಲ ಯಂತ್ರಗಳದು. ಅದನ್ನು ಜಾಣ್ಮೆಯಿಂದ ಕುಗ್ಗಿಸಬಹುದು. ಬೆಳಕಿನ ವಿಳಂಬವನ್ನಾದರೋ ಯಾರೂ ಕುಗ್ಗಿಸಲಾರರು. ಮಂಗಳಗ್ರಹವು ಅತಿ ಸಮೀಪಕ್ಕೆ ಬಂದಾಗಲೂ ಸುಮಾರು ೫.೫ ಕೋಟಿ ಕಿಲೋಮೀಟರು ದೂರದಲ್ಲಿರುವುದು. ಅಲ್ಲಿ ಬಂಡಿಯೊಂದು ಕುಳಿಯನ್ನು ಕಂಡರೆ, ನಮ್ಮ ಆಜ್ಞೆ ಮುಟ್ಟುವಷ್ಟರಲ್ಲಿ ಎಷ್ಟು ನಿಮಿಷ ಕಳೆದಿರುವುದೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ.