ಪೆನಾಂಗಿನಲ್ಲಿ ಇಳಿಯುವ ಮೊದಲು

ಸಿಂಗಪುರದಲ್ಲಿ ಹಡಗು ಹತ್ತುತ್ತೀಯಂತೆ, ನಡುವೆ ಒಂದು ದಿನ ಪೆನಾಂಗಂತೆ. ಭೇಷ್! ಆದರೆ ಮಗೂ, ನಿನ್ನ ಫೋನಿನಲ್ಲಿರುವ ಆ ಪಟ್ಟಿ ಓದಿದೆ. ಬೆಟ್ಟದ ರೈಲು, ಕೆಕ್ ಲೋಕ್ ಸಿ ದೇವಾಲಯ, ನೀಲಿ ಬಂಗಲೆ, ಗೋಡೆಚಿತ್ರ, ಕಡಲತೀರ, ಮಾಲು. ಇದೆಲ್ಲ ಏಳೆಂಟು ಗಂಟೆಯಲ್ಲಿ! ಹಾಗೆ ಓಡಿದರೆ ನೋಡಿದ್ದಕ್ಕಿಂತ ಟ್ಯಾಕ್ಸಿಯಲ್ಲಿ ಕೂತದ್ದೇ ಹೆಚ್ಚಾಗುತ್ತದೆ. ಮುಕ್ಕಾಲು ಪಾಲು ಅಳಿಸಿಬಿಡು. ಒಂದೇ ಒಂದು ಬೀದಿ ಇಟ್ಟುಕೋ.

ಅವತ್ತೊಂದು ದಿನ ಬೇಗ ಏಳು. ನೀನು ಏಳುವ ಹೊತ್ತು ಮನೆಮಂದಿಗೆಲ್ಲ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ಹಡಗಿನ ತಿಂಡಿ ನಾಳೆಯೂ ಸಿಗುತ್ತದೆ, ಬೆಳಗಿನ ತಂಪು ಸಿಗುವುದಿಲ್ಲ. ಹಡಗು ನಿಲ್ಲುವ ಸ್ವೆಟ್ಟೆನ್‌ಹ್ಯಾಮ್ ಕಟ್ಟೆಯಿಂದ ಜಾರ್ಜ್ ಟೌನಿನ ಹಳೇ ಪೇಟೆಗೆ ನಡೆದೇ ಹೋಗಬಹುದು. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವೆಂದು ಸಾರಿದ್ದು ಇದೇ ಪೇಟೆಯನ್ನು. ಟ್ಯಾಕ್ಸಿಯವರು ಮುತ್ತಿಕೊಂಡರೆ ನಗುತ್ತಲೇ ಬೇಡ ಅಂದು ಮುಂದೆ ಸಾಗು.

ಹೊರಗೆ ಬಂದರೆ ಗಡಿಯಾರದ ಗೋಪುರ. ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿ 60 ವರ್ಷವಾದ ನೆನಪಿಗೆ, ವರ್ಷಕ್ಕೊಂದು ಅಡಿಯಂತೆ 60 ಅಡಿ ಎತ್ತರ. ಅಲ್ಲೇ ಹತ್ತಿರ ಕಾರ್ನ್‌ವಾಲಿಸ್ ಕೋಟೆ. ಆ ಹೆಸರು ಓದಿಯೂ ನೀನು ಸುಮ್ಮನೆ ದಾಟಿ ಹೋದರೆ ನನಗೆ ಬೇಜಾರಾಗುತ್ತದೆ. 1791ರಲ್ಲಿ ನಮ್ಮ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು ಅದೇ ಕಾರ್ನ್‌ವಾಲಿಸ್. ಎದುರು ದಡದ ಸೀಮೆಗೆ ಇಂಗ್ಲಿಷರು ವೆಲ್ಲೆಸ್ಲಿ ಪ್ರಾಂತ್ಯ ಅಂತ ಹೆಸರಿಟ್ಟಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದನಲ್ಲ, ಅವನದೇ ಹೆಸರು. ಫ್ರಾನ್ಸಿಸ್ ಲೈಟ್ 1786ರಲ್ಲಿ ಇಲ್ಲಿ ಇಂಗ್ಲಿಷರ ಬಾವುಟ ನೆಟ್ಟದ್ದಕ್ಕೂ ನಮ್ಮೂರಲ್ಲಿ ನಡೆದದ್ದಕ್ಕೂ ನಂಟಿದೆ. ಶಾಲೆಯಲ್ಲಿ ಇಸವಿ ಬಾಯಿಪಾಠ ಮಾಡಿದ್ದೀಯ. ಇಲ್ಲಿ ನಿಂತು ನೋಡು, ಅವು ಒಂದಕ್ಕೊಂದು ಗಂಟು ಬೀಳುತ್ತವೆ.

ಈಗ ಆ ಬೀದಿ. ಹಿಂದೆ ಪಿಟ್ ಸ್ಟ್ರೀಟ್, ಈಗ ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್. ತಲೆಯಲ್ಲಿ ಸೇಂಟ್ ಜಾರ್ಜ್ ಚರ್ಚು, 1818ರದು. ಅದರ ಬಿಳಿ ಕಂಬಗಳ ಮುಂದೆ ಫೋಟೊ ತೆಗೆಸಿಕೋ, ಬೇಡ ಅನ್ನಲ್ಲ. ಆದರೆ ಕಟ್ಟಿದ್ದು ಹಿಂದೂಸ್ತಾನದಿಂದ ಹಡಗಿನಲ್ಲಿ ಸಾಗಿಸಿ ತಂದ ಕೈದಿಗಳು. ಅವರನ್ನೂ ಒಂದು ಸಲ ನೆನೆ.

ಸ್ವಲ್ಪ ಮುಂದೆ ಚೀನೀಯರ ಗುವಾನ್‌ಯಿನ್ ತಾಯಿಯ ಗುಡಿ. ಅಲ್ಲಿ ಅವಸರ ಮಾಡಬೇಡ. ಊದುಬತ್ತಿಯ ಹೊಗೆಗೆ ಕಣ್ಣು ಉರಿಯುತ್ತದೆ, ಉರಿಯಲಿ. ಒಂದು ಮೂಲೆಯಲ್ಲಿ ನಿಂತಿರು. ಯಾರೋ ಅಜ್ಜಿ ಮಂಡಿಯೂರಿ ಬಿದಿರಿನ ಕೊಳವೆ ಗಲಗಲ ಅಲ್ಲಾಡಿಸುತ್ತಾಳೆ. ತುಂಬಿದ ಕಡ್ಡಿಗಳಲ್ಲಿ ಒಂದು ಮೆಲ್ಲಗೆ ಮೇಲೇರಿ ಜಾರಿ ನೆಲಕ್ಕೆ ಬೀಳಬೇಕು. ಅದರ ಮೇಲಿನ ಅಂಕಿ ನೋಡಿ ಭವಿಷ್ಯದ ಚೀಟಿ ಕೊಡುತ್ತಾರೆ. ಮಗಳ ಮದುವೆಯೋ ಮಗನ ಕೆಲಸವೋ, ಆ ಮುಖದಲ್ಲಿರುವ ಕಾತರ ನಮ್ಮೂರ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವವರದೇ. ಆಗ ಫೋನು ಎತ್ತಬೇಡ.

ಇನ್ನಷ್ಟು ನಡೆದರೆ 1833ರ ಮಾರಿಯಮ್ಮನ ಗುಡಿ, ಅದರಾಚೆ 1801ರಲ್ಲಿ ಶುರುವಾದ ಮಸೀದಿ. ಗುಡಿಯ ಬಾಗಿಲು ಹಿಂಬದಿಯ ಕ್ವೀನ್ ಸ್ಟ್ರೀಟಿಗಿದೆ, ಸುತ್ತಿ ಹೋಗು. ನಾಲ್ಕು ದೇವರ ನೆರೆಹೊರೆ ಒಂದೇ ನಡಿಗೆಯಲ್ಲಿ! ನಮಾಜಿನ ಹೊತ್ತಾದರೆ ಹೊರಗೇ ಕಾಯಿ. ಚಡ್ಡಿ ಹಾಕಿಕೊಂಡು ಹೊರಡಬೇಡ ಅಂದರೆ ಮುಖ ಊದಿಸುತ್ತೀಯ, ಆದರೂ ಹೇಳುತ್ತೇನೆ: ಮೈ ಮುಚ್ಚುವ ತೆಳ್ಳನೆ ಹತ್ತಿ ಬಟ್ಟೆ ತೊಡು. ಬಿಸಿಲಿಗೂ ಅದೇ ಮೇಲು.

ಮನಸ್ಸಾದರೆ ಚ್ಯೂ ಜೆಟ್ಟಿಗೆ ಹೋಗು. ಸಮುದ್ರದೊಳಗೆ ಕಂಬ ನೆಟ್ಟು, ಹಲಗೆ ಹಾಸಿ ಕಟ್ಟಿದ ಮನೆಗಳು. ಇವತ್ತಿಗೂ ಜನ ಬಾಳುತ್ತಿದ್ದಾರೆ. ಬಾಗಿಲು ತೆರೆದಿದ್ದರೆ ಇಣುಕಬೇಡ. ನಮ್ಮ ಹಿತ್ತಿಲಿಗೆ ಯಾರೋ ಕ್ಯಾಮೆರಾ ಹಿಡಿದು ಬಂದರೆ ನೀನು ಸುಮ್ಮನಿರುತ್ತೀಯಾ?

ದಣಿವಾದಾಗ ಚೆಂಡೋಲ್ ಕುಡಿ: ತೆಂಗಿನ ಹಾಲು, ಕಪ್ಪು ಬೆಲ್ಲ, ಹೆರೆದ ಐಸು, ಹಸಿರು ಶಾವಿಗೆಯಂಥ ಎಳೆಗಳು. ಲಕ್ಸಾ ಅನ್ನುವ ಶಾವಿಗೆ ಸಾರಿನಲ್ಲಿ ಮೀನಿರುತ್ತದೆ, ಜೊತೆಗೆ ಬರುವ ಮಾಂಸ ಮೀನು ಮುಟ್ಟದ ಗೆಳತಿಗೆ ಮೊದಲೇ ಹೇಳಿಬಿಡು. ಅವಳಿಗೆ ಲಿಟ್ಲ್ ಇಂಡಿಯಾದಲ್ಲಿ ಬಾಳೆಲೆ ಊಟವಿದೆ.

ಹಡಗಿನವರೇ ಕರೆದೊಯ್ದ ಟೂರು ತಡವಾದರೆ ಹಡಗು ಕಾಯುತ್ತದೆ, ನೀನಾಗಿ ತಿರುಗಿ ತಡಮಾಡಿದರೆ ಕಾಯುವುದಿಲ್ಲ. ಅದಕ್ಕೇ ಹತ್ತಬೇಕಾದ ಕೊನೆಯ ಹೊತ್ತನ್ನೂ ಬಂದರಿನ ಏಜೆಂಟರ ಫೋನ್ ನಂಬರನ್ನೂ ಕಾಗದದ ಮೇಲೆ ಬರೆದಿಟ್ಟುಕೋ. ಮುಂದಿನ ನಿಲ್ದಾಣ ಫುಕೆಟ್ ಆದರೆ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ. ಫೋನು ತಾನಾಗಿ ಬದಲಾಗಬಹುದು, ಹಡಗಿನ ಗಡಿಯಾರ ಬದಲಾಗದೆಯೂ ಇರಬಹುದು. ನೀನು ಹಡಗಿನದನ್ನೇ ನಂಬು. ಒಂದು ಗಂಟೆ ಮೊದಲೇ ಕಟ್ಟೆಗೆ ಬಂದು, ಸಿಗ್ನಲ್ ಇರುವಾಗಲೇ ಅಮ್ಮನಿಗೆ ಫೋನ್ ಮಾಡು.