ಮಿದುಳು ಪೊರೆಯ ಸೋಂಕಿನ ಲಸಿಕೆ: ಯಾರಿಗೆ ಬೇಕು, ಯಾವಾಗ ಬೇಕು?

ಮೆನಿಂಜೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸೋಂಕು ನಮ್ಮ ಊರುಗಳಲ್ಲಿ ದಿನಬೆಳಗಾದರೆ ಕಾಣುವ ಕಾಯಿಲೆಯಲ್ಲ. ಆದರೆ ಬಂತೆಂದರೆ, ಬೆಳಿಗ್ಗೆ ಓಡಾಡಿಕೊಂಡಿದ್ದವರು ಸಂಜೆಗೆ ಐಸಿಯುನಲ್ಲಿರುತ್ತಾರೆ. ಸರಿಯಾದ ಚಿಕಿತ್ಸೆ ಸಿಕ್ಕರೂ ನೂರರಲ್ಲಿ ಸುಮಾರು 10 ಮಂದಿ ಉಳಿಯುವುದಿಲ್ಲ. ಉಳಿದವರಲ್ಲೂ ಕೆಲವರಿಗೆ ಕಿವಿ ಕೇಳಿಸದಂತಾಗುತ್ತದೆ, ಕೈಬೆರಳು ಕಾಲುಗಳನ್ನೇ ಕಳೆದುಕೊಂಡವರಿದ್ದಾರೆ. ಇದರ ಲಸಿಕೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ಮಿದುಳು ಜ್ವರದ ಲಸಿಕೆ ಎರಡು ಸಲವೂ ಹಾಕಿಸಿದ್ದೇವೆ. ಈಗ ಕ್ಲಿನಿಕ್‌ನ ಡಾಕ್ಟರು ಮೆನಿಂಜೈಟಿಸ್‌ಗೆ ಇನ್ನೊಂದು ಲಸಿಕೆ ಇದೆ ಎನ್ನುತ್ತಾರೆ. ಒಂದೇ ಕಾಯಿಲೆಗೆ ಎರಡು ಲಸಿಕೆ ಯಾಕೆ?
– ಗೃಹಿಣಿ, ಕೋಲಾರ

ಉತ್ತರ: ಅದು ಒಂದೇ ಕಾಯಿಲೆಯಲ್ಲಮ್ಮ. ನಮ್ಮ ಜನ ಎಲ್ಲವನ್ನೂ ‘ಮಿದುಳು ಜ್ವರ’ ಎಂದೇ ಕರೆಯುವುದರಿಂದ ಈ ಗೊಂದಲ. ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ. 9 ತಿಂಗಳಿಗೊಮ್ಮೆ, 16ರಿಂದ 24 ತಿಂಗಳ ಒಳಗೆ ಇನ್ನೊಮ್ಮೆ ‘ಜೆಇ’ ಎಂದು ಬರೆದಿರುತ್ತದೆ. ಅದು ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್‌ಗೆ ಹಾಕುವ ಲಸಿಕೆ.

ಮಿದುಳನ್ನು ಸುತ್ತಿರುವ ಪೊರೆಗೆ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದವು ಮೂರು: ಹಿಬ್, ನ್ಯೂಮೊಕಾಕಸ್ ಮತ್ತು ಮೆನಿಂಜೊಕಾಕಸ್. ಹಿಬ್‌ಗೆ 6, 10, 14ನೇ ವಾರದ ಪೆಂಟಾವೇಲೆಂಟ್ ಲಸಿಕೆಯಲ್ಲೇ ರಕ್ಷಣೆಯಿದೆ. ನ್ಯೂಮೊಕಾಕಸ್‌ಗೆ ಪಿಸಿವಿ ಇದೆ. ಎರಡೂ ಸರ್ಕಾರದಿಂದ ಉಚಿತ. ಮೂರನೆಯದು ಮಾತ್ರ ನಮ್ಮ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿಲ್ಲ. ಭಾರತದಲ್ಲಿ ಅದು ದೆಹಲಿಯಲ್ಲಿ 1966, 1985 ಮತ್ತು 2005ರಲ್ಲಿ ಕಂಡಂತೆ, ಆಗೊಮ್ಮೆ ಈಗೊಮ್ಮೆ ಭುಗಿಲೇಳುವ ಕಾಯಿಲೆ. ಹಾಗಾಗಿ ಮಕ್ಕಳ ತಜ್ಞರ ಸಂಘವೂ ಈ ಲಸಿಕೆಯನ್ನು ಹೆಚ್ಚಿನ ಅಪಾಯವಿರುವ ಮಕ್ಕಳಿಗೇ ಮುಖ್ಯವಾಗಿ ಹೇಳುತ್ತದೆ.

ಮಗಳು ಆರೋಗ್ಯವಾಗಿದ್ದರೆ ಮೊದಲು ಕಾರ್ಡ್‌ನಲ್ಲಿರುವ ಲಸಿಕೆಗಳೆಲ್ಲ ಪೂರ್ತಿಯಾಗಿವೆಯೇ ನೋಡಿಕೊಳ್ಳಿ. ಅನುಕೂಲವಿದ್ದು ಇದನ್ನೂ ಹಾಕಿಸಿದರೆ ತಪ್ಪಿಲ್ಲ. ಹಾಕಿಸಲಾಗಲಿಲ್ಲ ಎಂದು ಕೊರಗಬೇಕಾಗಿಯೂ ಇಲ್ಲ.

ಪ್ರಶ್ನೆ: ಮಗಳು ಸೆಪ್ಟೆಂಬರ್‌ನಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೋಗುತ್ತಿದ್ದಾಳೆ. ವಯಸ್ಸು 22. ವಿಶ್ವವಿದ್ಯಾಲಯದ ಪತ್ರದಲ್ಲಿ ‘ಎಸಿಡಬ್ಲ್ಯುವೈ’ ಲಸಿಕೆ ಹಾಕಿಸಿಕೊಂಡು ಬನ್ನಿ ಎಂದಿದೆ. ಇಲ್ಲಿರದ ಕಾಯಿಲೆ ಅಲ್ಲಿ ಯಾಕೆ?
– ಬ್ಯಾಂಕ್ ನೌಕರ, ದಾವಣಗೆರೆ

ಉತ್ತರ: ಕಾಯಿಲೆ ಇಲ್ಲೂ ಇದೆ. ಈ ಬ್ಯಾಕ್ಟೀರಿಯಾ ಸುಮಾರು ಹತ್ತರಲ್ಲಿ ಒಬ್ಬರ ಮೂಗು, ಗಂಟಲಲ್ಲಿ ಏನೂ ತೊಂದರೆ ಕೊಡದೆ ಕೂತಿರುತ್ತದೆ. ಹದಿಹರೆಯದವರಲ್ಲಿ, ಹೊಸದಾಗಿ ಹಾಸ್ಟೆಲ್ ಸೇರಿದವರಲ್ಲಿ ಹೀಗೆ ಹೊತ್ತು ತಿರುಗುವವರು ಹೆಚ್ಚು. ನಾನಾ ಕಡೆಯಿಂದ ಬಂದವರು ಒಂದೇ ಸೂರಿನಡಿ ಸೇರಿದಾಗ ಎಂಜಲು, ಕೆಮ್ಮಿನ ಹನಿಗಳಿಂದ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ‘ಡಬ್ಲ್ಯು’ ಗುಂಪಿನ ಸೋಂಕು ಏರುತ್ತಿದೆ ಎಂದು ಬ್ರಿಟನ್ 2015ರಲ್ಲಿ ಹದಿಹರೆಯದವರಿಗೆಲ್ಲ ಈ ಲಸಿಕೆ ಶುರುಮಾಡಿತು.

ಎ, ಸಿ, ಡಬ್ಲ್ಯು, ವೈ ಎಂಬುವು ಬ್ಯಾಕ್ಟೀರಿಯಾದ ಗುಂಪುಗಳ ಹೆಸರು. ನಾಲ್ಕಕ್ಕೂ ಸೇರಿ ಒಂದೇ ಇಂಜೆಕ್ಷನ್, ಆರೋಗ್ಯವಂತರಿಗೆ ಒಂದೇ ಡೋಸ್. ವಿಮಾನ ಹತ್ತುವ ಹಿಂದಿನ ದಿನದವರೆಗೆ ಕಾಯಬೇಡಿ, ಎರಡು ವಾರ ಮೊದಲೇ ಹಾಕಿಸಿ. ತೋಳು ಒಂದೆರಡು ದಿನ ನೋಯಬಹುದು, ಸಣ್ಣ ಜ್ವರ ಬರಬಹುದು. ಇಂಜೆಕ್ಷನ್ ಆದ ಮೇಲೆ ಹುಡುಗ ಹುಡುಗಿಯರು ಕೆಲವೊಮ್ಮೆ ತಲೆಸುತ್ತಿ ಬೀಳುವುದುಂಟು. ಹದಿನೈದು ನಿಮಿಷ ಅಲ್ಲೇ ಕೂರಿಸಿ.

ಒಂದು ಮಾತು ನೆನಪಿರಲಿ. ‘ಬಿ’ ಎಂಬ ಇನ್ನೊಂದು ಗುಂಪಿದೆ. ಈ ಲಸಿಕೆ ಅದನ್ನು ತಡೆಯುವುದಿಲ್ಲ. ಅದಕ್ಕೆ ಬೇರೆಯೇ ಲಸಿಕೆ. ಅದು ಬೇಕೇ ಎಂದು ಮಗಳು ಅಲ್ಲಿನ ವೈದ್ಯರನ್ನು ಕೇಳಲಿ.

ಪ್ರಶ್ನೆ: ನಾನೂ ನನ್ನ ಮನೆಯವರೂ ಈ ಸಲ ಹಜ್‌ಗೆ ಹೊರಟಿದ್ದೇವೆ. ನಾಲ್ಕು ವರ್ಷದ ಹಿಂದೆ ಉಮ್ರಾಕ್ಕೆ ಹೋದಾಗ ಲಸಿಕೆ ಆಗಿದೆ. ಮತ್ತೆ ಬೇಕೇ?
– ನಿವೃತ್ತ ಶಿಕ್ಷಕ, ಕಲಬುರಗಿ

ಉತ್ತರ: ಹಳೆಯ ಪ್ರಮಾಣಪತ್ರ ಹುಡುಕಿ, ಲಸಿಕೆಯ ಬಗೆ ಏನೆಂದು ಬರೆದಿದೆ ನೋಡಿ. ಉತ್ತರ ಅದರ ಮೇಲಿದೆ. ಈ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯಂಥ ಒಂದು ಹೊದಿಕೆಯಿದೆ. ಆ ಹೊದಿಕೆಯ ಚೂರಿನಿಂದಷ್ಟೇ ಮಾಡಿದ್ದು ಪಾಲಿಸ್ಯಾಕರೈಡ್ ಲಸಿಕೆ. ಅದೇ ಚೂರನ್ನು ಪ್ರೋಟೀನ್‌ಗೆ ಜೋಡಿಸಿದರೆ ಕಾಂಜುಗೇಟ್ ಲಸಿಕೆ. ಇದನ್ನು ದೇಹ ಹೆಚ್ಚು ಕಾಲ ನೆನಪಿಡುತ್ತದೆ. ಸೌದಿ ಸರ್ಕಾರ ಮೊದಲನೆಯದಕ್ಕೆ 3 ವರ್ಷ, ಎರಡನೆಯದಕ್ಕೆ 5 ವರ್ಷದ ಮಾನ್ಯತೆ ಕೊಡುತ್ತದೆ. ಬಗೆ ಬರೆದಿಲ್ಲದಿದ್ದರೆ 3 ವರ್ಷ ಎಂದೇ ಲೆಕ್ಕ. ಅನುಮಾನವಿದ್ದರೆ ಮತ್ತೆ ಹಾಕಿಸಿಕೊಳ್ಳಿ, ಅದರಿಂದ ಹಾನಿಯಿಲ್ಲ. ಅಲ್ಲಿ ಇಳಿಯುವುದಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು.

ಈ ಕಡ್ಡಾಯಕ್ಕೆ ಕಾರಣವಿದೆ. 1987ರ ಹಜ್‌ನಲ್ಲಿ ‘ಎ’ ಗುಂಪು, 2000ದಲ್ಲಿ ‘ಡಬ್ಲ್ಯು’ ಗುಂಪು ಯಾತ್ರಿಕರಲ್ಲಿ ಹರಡಿತು. ಯಾತ್ರೆಗೇ ಹೋಗದೆ ಮನೆಯಲ್ಲಿದ್ದವರಿಗೂ, ಹಿಂತಿರುಗಿದವರಿಂದ ಕಾಯಿಲೆ ತಗುಲಿತು. ನಿಮ್ಮ ಲಸಿಕೆ ನಿಮಗಾಗಿ ಮಾತ್ರವಲ್ಲ, ಮನೆಯಲ್ಲಿ ಕಾಯುತ್ತಿರುವ ಮೊಮ್ಮಕ್ಕಳಿಗೂ ಬೇಕಾದದ್ದು.

ಪ್ರಶ್ನೆ: ಬೈಕ್ ಅಪಘಾತದಲ್ಲಿ ತಮ್ಮನ ಗುಲ್ಮ ಒಡೆದು, ತೆಗೆಯಬೇಕಾಯಿತು. ಗಾಯ ಮಾಗಿದೆ. ‘ಲಸಿಕೆಗಳನ್ನು ಹಾಕಿಸಿ’ ಎಂದು ಡಿಸ್ಚಾರ್ಜ್ ಚೀಟಿಯಲ್ಲಿದೆ. ಚೆನ್ನಾಗೇ ಇದ್ದಾನಲ್ಲ, ಬೇಕೇ ಬೇಕೇ?
– ಕೃಷಿಕ, ಹಾಸನ

ಉತ್ತರ: ಬೇಕೇ ಬೇಕು. ಈ ಐದು ಪತ್ರಗಳಲ್ಲಿ ಲಸಿಕೆ ಅತ್ಯಂತ ಅಗತ್ಯವಿರುವುದು ನಿಮ್ಮ ತಮ್ಮನಿಗೆ. ಗುಲ್ಮ ರಕ್ತವನ್ನು ಸೋಸುವ ಜರಡಿ. ಹೊದಿಕೆಯಿರುವ ಬ್ಯಾಕ್ಟೀರಿಯಾಗಳನ್ನು ಹಿಡಿದು ನಾಶಮಾಡುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ಜರಡಿಯೇ ಹೋದ ಮೇಲೆ ಲಸಿಕೆಯೇ ಆಸರೆ. ಮೆನಿಂಜೊಕಾಕಸ್‌ಗೆ ಎಂಟು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ 5 ವರ್ಷಕ್ಕೊಮ್ಮೆ ಬೂಸ್ಟರ್. ನ್ಯೂಮೊಕಾಕಸ್, ಹಿಬ್, ಪ್ರತಿವರ್ಷದ ಫ್ಲೂ ಲಸಿಕೆಯೂ ಬೇಕು. ಯಾವುದು ಮೊದಲು ಎಂಬ ಕ್ರಮವನ್ನು ವೈದ್ಯರಿಂದ ಬರೆಸಿಕೊಳ್ಳಿ. ಸಿಕಲ್ ಸೆಲ್ ರೋಗಿಗಳ ಗುಲ್ಮವೂ ಕ್ರಮೇಣ ಕೆಲಸ ನಿಲ್ಲಿಸುವುದರಿಂದ ಅವರಿಗೂ ಇದೇ ಮಾತು.

‘ನನಗೆ ಗುಲ್ಮ ಇಲ್ಲ’ ಎಂದು ಬರೆದ ಚೀಟಿ ಅವನ ಪರ್ಸ್‌ನಲ್ಲಿ ಸದಾ ಇರಲಿ. ಜ್ವರ ಬಂದರೆ ಮಾತ್ರೆ ನುಂಗಿ ಮಲಗುವಂತಿಲ್ಲ, ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ಈ ಸೋಂಕು ಎಂದು ನಿನ್ನೆ ಗೊತ್ತಾಯಿತು. ನಾನು ಇವತ್ತೇ ಲಸಿಕೆ ಹಾಕಿಸಿಕೊಂಡರೆ ಸಾಕೇ?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಸಾಲದು. ಲಸಿಕೆಯ ಬಲ ಬರಲು ವಾರ, ಹತ್ತು ದಿನ ಹಿಡಿಯುತ್ತದೆ; ಸೋಂಕು ಮೂರು ನಾಲ್ಕು ದಿನಕ್ಕೇ ಕಾಣಿಸಿಕೊಳ್ಳಬಹುದು. ನಿಮಗೆ ಮೊದಲು ಬೇಕಾಗಿರುವುದು ಆ್ಯಂಟಿಬಯೋಟಿಕ್. ಸಿಪ್ರೊಫ್ಲಾಕ್ಸಸಿನ್ ಒಂದೇ ಡೋಸ್, ರಿಫಾಂಪಿಸಿನ್ ಎರಡು ದಿನ, ಇಲ್ಲವೇ ಸೆಫ್ಟ್ರಿಯಾಕ್ಸೋನ್ ಒಂದು ಇಂಜೆಕ್ಷನ್. ಯಾವುದು ಎಂದು ವೈದ್ಯರು ಹೇಳುತ್ತಾರೆ. ಇವತ್ತೇ ಹೋಗಿ. ಒಂದೇ ಕೋಣೆಯವರಿಗೆ, ಮನೆಯವರಿಗೆ, ತೀರಾ ಹತ್ತಿರ ಒಡನಾಡಿದವರಿಗೆ ಇದು ಬೇಕು. ಅದೇ ತರಗತಿಯಲ್ಲಿ ಕೂತವರಿಗೆಲ್ಲ ಬೇಕಿಲ್ಲ. ಲಸಿಕೆ ಆಮೇಲೆ.

ಹತ್ತು ದಿನ ಮೈಮೇಲೆ ಕಣ್ಣಿರಲಿ. ಜೋರು ಜ್ವರ, ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದಿರುವುದು, ಬೆಳಕು ನೋಡಲಾಗದಿರುವುದು, ಮಂಪರು, ಕೈಕಾಲು ತಣ್ಣಗಾಗುವುದು ಇವು ಲಕ್ಷಣಗಳು. ಚರ್ಮದ ಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಕಂಡರೆ ಒಂದು ಗಾಜಿನ ಲೋಟ ತೆಗೆದುಕೊಂಡು ಅದರ ಪಕ್ಕವನ್ನು ಚುಕ್ಕೆಯ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಸಾಮಾನ್ಯ ಗಂಧೆ ಒತ್ತಿದಾಗ ಮಾಸುತ್ತದೆ. ಈ ಚುಕ್ಕೆ ಚರ್ಮದೊಳಗಿನ ರಕ್ತಸ್ರಾವ, ಮಾಸುವುದಿಲ್ಲ. ನಮ್ಮ ಕಂದು ಚರ್ಮದಲ್ಲಿ ಅದು ಸುಲಭಕ್ಕೆ ಕಾಣದು. ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗ ನೋಡಿ. ಚುಕ್ಕೆ ಬರಲೆಂದು ಕಾಯಲೂಬೇಡಿ. ಎಷ್ಟೋ ಜನರಿಗೆ ಅದು ಬರುವುದೇ ಇಲ್ಲ.

ಎಲ್ಲ ಓದುಗರಿಗೂ ಕೊನೆಯ ಮಾತು ಇದೇ. ಲಸಿಕೆ ಬೇಕಾದವರು ಹೊರಡುವ ಮೊದಲೇ ಹಾಕಿಸಿಕೊಳ್ಳಿ. ಲಕ್ಷಣ ಕಂಡಾಗ ‘ಲಸಿಕೆ ಆಗಿದೆಯಲ್ಲ’ ಎಂಬ ಧೈರ್ಯದಲ್ಲಿ ರಾತ್ರಿ ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆ ಸೇರಿ.